ನೆಟ್ ಎಲ್ಲಿ ನಿಂತಿದೆ? ಪಿಂಗ್ ಹೊಡೆದು ನೋಡಿ

ಕಳೆದ ಆಷಾಢದ ಒಂದು ಬೆಳಿಗ್ಗೆ. ಚಿಕ್ಕಮಗಳೂರಿನ ಆಲ್ದೂರು ಕಡೆ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಪಕ್ಕದ ತೋಟದ ಅಣ್ಣ ಗಮ್‌ಬೂಟ್ ಹಾಕಿಕೊಂಡು, ಕೊಡೆ ಕೊಡವುತ್ತಾ ನಮ್ಮ ಜಗುಲಿ ಹತ್ತಿದರು.

"ನೆಟ್ ಇಲ್ಲ ಮಾರಾಯ. ಶನಿವಾರಕ್ಕೆ ಹೋಮ್‌ಸ್ಟೇ ಬುಕಿಂಗ್ ಎಷ್ಟಿದೆ ಅಂತ ನೋಡೋಕೂ ಆಗ್ತಿಲ್ಲ. ಕಸ್ಟಮರ್ ಕೇರ್‌ನವರು ರೀಸ್ಟಾರ್ಟ್ ಮಾಡಿ ಅಂತಾರೆ. ಬೆಳಿಗ್ಗೆಯಿಂದ ಆರು ಸಲ ಮಾಡಿದ್ದೀನಿ. ಇನ್ನು ಆ ಬಾಕ್ಸಿಗೂ ಕೊಳೆರೋಗ ಬರುತ್ತೆ ಅಷ್ಟೆ."

"ವೈಫೈನಲ್ಲಿ ವಾಟ್ಸಾಪ್ ಹೋಗ್ತಿದೆಯಾ ಅಣ್ಣ?"

"ಅದು ಹೋಗ್ತಿದೆ. ಬ್ರೌಸರ್‌ನಲ್ಲಿ ಒಂದೂ ತೆರೀತಿಲ್ಲ."

ಅರ್ಧ ಉತ್ತರ ಅಲ್ಲೇ ಸಿಕ್ಕಿತ್ತು. ನೆಟ್ ಇತ್ತು. ಬೇರೆ ಏನೋ ಕೆಟ್ಟಿತ್ತು. "ನೆಟ್ ಇಲ್ಲ" ಎನ್ನುವುದು "ಮೈ ಸರಿ ಇಲ್ಲ" ಎಂದ ಹಾಗೆ. ಜ್ವರವೋ ಹೊಟ್ಟೆನೋವೋ ಗೊತ್ತಾಗದೆ ಔಷಧಿ ಕೊಡುವುದು ಹೇಗೆ? ಅದನ್ನು ಪತ್ತೆ ಮಾಡಲು ಬೇಕಾದ ನಾಲ್ಕು ಸಾಧನ ನಿಮ್ಮ ಕಂಪ್ಯೂಟರಿನಲ್ಲೇ ಇವೆ, ದುಡ್ಡು ಕೊಡಬೇಕಿಲ್ಲ. ನಾನು ಎಂಜಿನಿಯರ್ ಅಲ್ಲ. ಮನೆಯಿಂದ ಕೆಲಸ ಮಾಡುತ್ತೇನೆ. ನೆಟ್ ಹೋದ ದಿನ ಸುಮ್ನೆ ಕೂತು ಬೈಯುವುದಕ್ಕಿಂತ ಇದು ಉಪಯೋಗ ಎಂದು ಕಲಿತೆ.

ಒಂದು ಮಾತು. ಕಮಾಂಡ್‌ಗಳನ್ನು ನೀವು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ನಾನು ಕನ್ನಡದಲ್ಲಿ ಉಚ್ಚಾರಣೆ ಬರೆದಿದ್ದೇನೆ. ಸ್ಪೆಲ್ಲಿಂಗ್ ಎಡವಟ್ಟಾಗುವ ಕಡೆ ಅಕ್ಷರ ಬಿಡಿಸಿ ಹೇಳುತ್ತೇನೆ.

ಕಂಪ್ಯೂಟರ್ ಮುಟ್ಟುವ ಮೊದಲು ಬಾಕ್ಸ್ ನೋಡಿ

ಫೈಬರ್ ಕನೆಕ್ಷನ್ ಇದ್ದರೆ ಗೋಡೆಯ ಬಾಕ್ಸಿನಲ್ಲಿ ಎಲ್‌ಓಎಸ್ ಎಂದು ಬರೆದ ಪುಟ್ಟ ದೀಪ ಇರುತ್ತದೆ. ಅದು ಕೆಂಪಾಗಿ ಮಿನುಗುತ್ತಿದ್ದರೆ ಮುಂದಿನದನ್ನು ಓದುವುದೇ ಬೇಡ. ನಿಮ್ಮ ಬಾಕ್ಸಿಗೆ ಬೆಳಕೇ ಬರುತ್ತಿಲ್ಲ. ನಮ್ಮ ಕಡೆ ಬಹುತೇಕ ಸಿಲ್ವರ್ ಓಕ್ ಕೊಂಬೆ ಕೇಬಲ್ ಮೇಲೆ ಬಿದ್ದಿರುತ್ತದೆ, ಇಲ್ಲವೇ ರಸ್ತೆ ಕೆಲಸದ ಜೆಸಿಬಿ ಎಳೆದಿರುತ್ತದೆ. ಲೈನ್‌ಮ್ಯಾನ್ ಬಂದೇ ಜೋಡಿಸಬೇಕು. ಎಷ್ಟು ರೀಸ್ಟಾರ್ಟ್ ಮಾಡಿದರೂ ತುಂಡಾದ ಗಾಜಿನ ಎಳೆ ಕೂಡುವುದಿಲ್ಲ.

ದೀಪ ಸರಿ ಇದ್ದು ನೆಟ್ ಮಾತ್ರ ಇಲ್ಲ ಎಂದರೆ ಲ್ಯಾಪ್‌ಟಾಪ್ ತೆಗೆಯಿರಿ. ಮೊಬೈಲ್ ಡೇಟಾ ಹಾಟ್‌ಸ್ಪಾಟ್ ಆಫ್ ಮಾಡಿ, ಇಲ್ಲದಿದ್ದರೆ ನೀವು ಬೇರೆಯದೇ ದಾರಿಯನ್ನು ಪರೀಕ್ಷೆ ಮಾಡುತ್ತಾ ಕೂರುತ್ತೀರಿ.

ನಿಮ್ಮ ಅಡ್ರೆಸ್ ಯಾವುದು?

ವಿಂಡೋಸ್ ಕೀ ಜೊತೆ ಆರ್ ಒತ್ತಿ. ಸಣ್ಣ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಸಿ, ಎಂ, ಡಿ ಎಂದು ಹೊಡೆದು ಎಂಟರ್. ಕಪ್ಪು ಕಿಟಕಿ ಬರುತ್ತದೆ. ಸಿನಿಮಾದಲ್ಲಿ ಹ್ಯಾಕರ್‌ಗಳು ಇಂಥದ್ದನ್ನೇ ತೆರೆದುಕೊಂಡು ಕೂತಿರುತ್ತಾರೆ, ಹೆದರಬೇಡಿ. ಇಲ್ಲಿ ನಾವು ಮಾಡುವ ಯಾವುದೂ ನಿಮ್ಮ ಕಡತಗಳನ್ನು ಅಳಿಸುವುದಿಲ್ಲ.

ಐಪಿಕಾನ್ಫಿಗ್ ಎಂದು ಟೈಪ್ ಮಾಡಿ. ಐಪಿ, ಆಮೇಲೆ ಸಿ, ಓ, ಎನ್, ಎಫ್, ಐ, ಜಿ, ಎಲ್ಲ ಸೇರಿ ಒಂದೇ ಪದ. ಬರುವ ಸಾಲುಗಳಲ್ಲಿ ಎರಡನ್ನು ಮಾತ್ರ ನೋಡಿ. ಐಪಿವಿ4 ಅಡ್ರೆಸ್ ಎನ್ನುವುದು ನಿಮ್ಮ ಲ್ಯಾಪ್‌ಟಾಪಿನದು. ಡೀಫಾಲ್ಟ್ ಗೇಟ್‌ವೇ ಎನ್ನುವುದು ನಿಮ್ಮ ರೂಟರಿನದು, ಅಂದರೆ ವೈಫೈ ಕೊಡುವ ಬಾಕ್ಸಿನದು. ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ನಿಮ್ಮ ಅಡ್ರೆಸ್ 169.254 ಎಂದು ಶುರುವಾದರೆ ರೂಟರ್ ನಿಮಗೆ ನಂಬರನ್ನೇ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಆಗ ವೈಫೈ ಬಿಟ್ಟು ಮತ್ತೆ ಸೇರಿಸಿ. ರೀಸ್ಟಾರ್ಟ್ ಮಾಡುವುದಕ್ಕೆ ನಿಜವಾಗಿ ಅರ್ಥ ಇರುವ ಜಾಗ ಇದು.

192.168 ಎಂದು ಶುರುವಾಗುವ ನಂಬರ್ ಮನೆಯೊಳಗಿನ ಹೆಸರಿದ್ದ ಹಾಗೆ. ಪ್ರತಿ ಮನೆಯಲ್ಲೂ ಒಬ್ಬ ಪುಟ್ಟ, ಒಬ್ಬಳು ಪುಟ್ಟಿ ಇರುತ್ತಾರಲ್ಲ, ಹಾಗೆ. ಮನೆಯಾಚೆ ಅದಕ್ಕೆ ಬೆಲೆ ಇಲ್ಲ. 10 ಎಂದು ಶುರುವಾಗುವವೂ, 172.16ರಿಂದ 172.31ರವರೆಗಿನವೂ ಇದೇ ಜಾತಿ. ಹೊರಗೆ ಕಾಣುವ ನಂಬರ್ ಬೇರೆ. ಬ್ರೌಸರಿನಲ್ಲಿ "ವಾಟ್ ಈಸ್ ಮೈ ಐಪಿ" ಎಂದು ಹುಡುಕಿದರೆ ಅದು ಸಿಗುತ್ತದೆ. ಐಪಿವಿ4 ಎಂಬ ಈ ಹಳೆಯ ಮಾದರಿಯ ಅಡ್ರೆಸ್‌ಗಳು ಇರುವುದೇ ಒಟ್ಟು ಸುಮಾರು 429 ಕೋಟಿ. ಭೂಮಿಯ ಮೇಲಿನ ಜನಸಂಖ್ಯೆಗೂ ಸಾಲದು. ಹಾಗಾಗಿ ನೆಟ್ ಕೊಡುವ ಕಂಪನಿಗಳು ಒಂದು ಹೊರ ಅಡ್ರೆಸ್ಸನ್ನು ಎಷ್ಟೋ ಮನೆಗಳಿಗೆ ಹಂಚಿ ಕೊಡುತ್ತವೆ. ಈ ಹಂಚಿಕೆಗೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ಗುಂಪನ್ನು ಬೇರೆ ಇಟ್ಟರು. ಮುಂದೆ ಇದು ಕಾಣಿಸುತ್ತದೆ, ನೆನಪಿಡಿ.

ಪಿಂಗ್: "ಇದ್ದೀಯಾ?" "ಇದ್ದೀನಿ"

1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನೆಯ ಒಂದು ಸಂಶೋಧನಾಲಯದಲ್ಲಿದ್ದ ಮೈಕ್ ಮೂಸ್ ಎಂಬವರು ನೆಟ್‌ವರ್ಕ್ ಕೆಟ್ಟಿತೆಂದು ಬೇಸತ್ತು ಒಂದು ಚಿಕ್ಕ ಪ್ರೋಗ್ರಾಂ ಬರೆದರು. ಜಲಾಂತರ್ಗಾಮಿಗಳು ಶಬ್ದ ಬಿಟ್ಟು ಪ್ರತಿಧ್ವನಿ ಕೇಳುತ್ತವಲ್ಲ, ಆ ಸದ್ದಿನ ಹೆಸರನ್ನೇ ಅದಕ್ಕೆ ಇಟ್ಟರು. 40 ವರ್ಷ ದಾಟಿದರೂ ಅದಕ್ಕಿಂತ ಉಪಯೋಗದ ಕಮಾಂಡ್ ಇನ್ನೊಂದು ಬಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಬಳಸುವುದು ಸುಲಭ. ಹತ್ತಿರದಿಂದ ದೂರಕ್ಕೆ ಹೋಗಬೇಕು. ಪೈಪಿನಲ್ಲಿ ನೀರು ಬರದಿದ್ದರೆ ಮೊದಲು ಮನೆ ನಲ್ಲಿ, ಆಮೇಲೆ ಟ್ಯಾಂಕ್, ಆಮೇಲೆ ಮೋಟಾರ್ ನೋಡುವ ಹಾಗೆ.

ಮೊದಲು ರೂಟರ್. ಪಿಂಗ್, ಒಂದು ಸ್ಪೇಸ್, ಚೀಟಿಯಲ್ಲಿ ಬರೆದುಕೊಂಡ ನಂಬರ್ (ನಮ್ಮದು 192.168.1.1) ಹೊಡೆದು ಎಂಟರ್. ನಾಲ್ಕು ಸಾಲು ಉತ್ತರ ಬರುತ್ತದೆ. ಟೈಮ್ ಎಂದಿರುವ ಕಡೆ 1 ಅಥವಾ 2 ಮಿಲಿಸೆಕೆಂಡ್ ಇದ್ದರೆ ಚೆನ್ನ. ಒಮ್ಮೆ 3, ಒಮ್ಮೆ 280, ಒಮ್ಮೆ ಉತ್ತರವೇ ಇಲ್ಲ ಎಂದರೆ ತಪ್ಪು ನಿಮ್ಮ ಮನೆಯೊಳಗೇ ಇದೆ. ಹಳೆಯ ತೋಟದ ಮನೆಗಳ ಎರಡಡಿ ಗೋಡೆಯನ್ನು ವೈಫೈ ಸುಲಭವಾಗಿ ದಾಟುವುದಿಲ್ಲ. ಅಣ್ಣನ ಹೋಮ್‌ಸ್ಟೇಯಲ್ಲಿ ರೂಟರ್ ಇದ್ದದ್ದು ದೇವರ ಕೋಣೆ ಪಕ್ಕದ ಉಗ್ರಾಣದಲ್ಲಿ, ಅತಿಥಿಗಳು ಮಲಗುತ್ತಿದ್ದದ್ದು ಕಾಫಿ ಕಣದ ಆಚೆ. ಇದಕ್ಕೆ ಕಂಪನಿಯನ್ನು ಬೈದು ಏನು ಪ್ರಯೋಜನ?

ಎರಡನೆಯದು ಹೊರಗಿನ ಒಂದು ಅಡ್ರೆಸ್. ನಾನು 8.8.8.8 ಬಳಸುತ್ತೇನೆ. ಗೂಗಲ್ 2009ರ ಡಿಸೆಂಬರಿನಲ್ಲಿ ಶುರು ಮಾಡಿದ ಹೆಸರು ಹುಡುಕುವ ಸೇವೆಯ ನಂಬರ್ ಅದು. ಸದಾ ಎದ್ದಿರುತ್ತದೆ, ನೆನಪಿಡುವುದೂ ಸುಲಭ. ಕ್ಲೌಡ್‌ಫ್ಲೇರ್‌ನ 1.1.1.1 ಕೂಡ ಆಗಬಹುದು. ರೂಟರ್ ಉತ್ತರ ಕೊಟ್ಟು 8.8.8.8 ಕೊಡದಿದ್ದರೆ ತೊಂದರೆ ಮನೆಯಾಚೆ.

ಮೂರನೆಯದು ಹೆಸರು. ಪಿಂಗ್, ಸ್ಪೇಸ್, ಗೂಗಲ್ ಡಾಟ್ ಕಾಮ್. ನಂಬರಿಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ದಾರಿ ಸರಿ ಇದೆ, ವಿಳಾಸ ಹೇಳುವವನು ಮಲಗಿದ್ದಾನೆ. ಅಣ್ಣನ ಮನೆಯಲ್ಲಿ ಅವತ್ತು ಆಗಿದ್ದು ಇದೇ.

ಉತ್ತರದ ಭಾಷೆ ಸ್ವಲ್ಪ ಗೊತ್ತಿರಲಿ. "ರಿಕ್ವೆಸ್ಟ್ ಟೈಮ್ಡ್ ಔಟ್" ಎಂದರೆ ಕೂಗಿದೆ, ಓಗೊಡಲಿಲ್ಲ. ಅಷ್ಟೇ. ಆ ಕಡೆಯವರು ಸತ್ತಿದ್ದಾರೆ ಅಂತಲ್ಲ. ಎಷ್ಟೋ ಸರ್ವರ್‌ಗಳು ಬೇಕಂತಲೇ ಪಿಂಗ್‌ಗೆ ಉತ್ತರ ಕೊಡುವುದಿಲ್ಲ. ಬ್ಯಾಂಕಿನ ಸೈಟ್‌ಗೆ ಪಿಂಗ್ ಹೊಡೆದು, ಉತ್ತರ ಬರಲಿಲ್ಲ, ಬ್ಯಾಂಕ್ ಮುಳುಗಿದೆ ಎಂದು ಗ್ರೂಪಿನಲ್ಲಿ ಹಾಕಬೇಡಿ. "ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್" ಎನ್ನುವುದು ಬೇರೆ: ಅಲ್ಲಿಗೆ ಹೋಗುವ ದಾರಿಯೇ ಸಿಗಲಿಲ್ಲ. ಇದರಲ್ಲಿ ಒಂದು ಮೋಸ ಇದೆ. ಈ ಸಾಲು ಬಂದರೂ ವಿಂಡೋಸ್ ಅದನ್ನು ಉತ್ತರ ಎಂದೇ ಎಣಿಸಿ ಕೊನೆಯಲ್ಲಿ ಲಾಸ್ (ತಪ್ಪಿಹೋದದ್ದು) 0 ಪರ್ಸೆಂಟ್ ಎಂದು ತೋರಿಸುತ್ತದೆ. ಕೊನೆಯ ಲೆಕ್ಕ ಮಾತ್ರ ನೋಡುವವರು ಇಲ್ಲಿ ಬೇಸ್ತು ಬೀಳುತ್ತಾರೆ.

ನಾಲ್ಕು ಪಿಂಗ್‌ನಿಂದ ಆಗಾಗ ಬಂದು ಹೋಗುವ ತೊಂದರೆ ಗೊತ್ತಾಗುವುದಿಲ್ಲ. ವಿಡಿಯೋ ಕಾಲ್ ಆಗಾಗ ತುಂಡಾಗುತ್ತಿದ್ದರೆ ಪಿಂಗ್, ಸ್ಪೇಸ್, ಮೈನಸ್ ಎನ್, ಸ್ಪೇಸ್, 100, ಸ್ಪೇಸ್, 8.8.8.8 ಎಂದು ಕೊಟ್ಟು ಕಾಫಿ ಕುಡಿದು ಬನ್ನಿ. ನೂರು ಸಲ ಕೂಗಿರುತ್ತದೆ. ಒಂದು ತಪ್ಪಿದರೆ ಚಿಂತೆ ಇಲ್ಲ. ಐದಾರು ತಪ್ಪಿದರೆ ಕಾಲ್‌ನಲ್ಲಿ ಮಾತು ಮುಕ್ಕಾಗುತ್ತದೆ.

ಚೆನ್ನಾಗಿರುವ ದಿನದ ಲೆಕ್ಕ

ಇದು ಸಣ್ಣ ವಿಷಯ, ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. 45 ಮಿಲಿಸೆಕೆಂಡ್ ಒಳ್ಳೆಯದೋ ಕೆಟ್ಟದ್ದೋ? ನಿಮ್ಮ ಮನೆಯಲ್ಲಿ ಮಾಮೂಲಿ ಎಷ್ಟು ಎಂದು ಗೊತ್ತಿಲ್ಲದೆ ಹೇಳಲಾಗದು. ತೋಟದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಅಣ್ಣನ ಮನೆಯಲ್ಲಿ ಅವರ ಅಪ್ಪನ ಕಾಲದಿಂದ ಮಳೆ ಪುಸ್ತಕ ಇದೆ. ದಿನಾ ಬೆಳಿಗ್ಗೆ ಅಳತೆ ಪಾತ್ರೆ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ ಎಂದು ಬರೆಯುತ್ತಾರೆ. ಸರ್ಕಾರ ಮಿಲಿಮೀಟರ್‌ಗೆ ಬಂದು ಎಷ್ಟೋ ಕಾಲವಾಯಿತು, ತೋಟ ಇನ್ನೂ ಇಂಚಿನಲ್ಲೇ ಇದೆ. ಈ ವರ್ಷ ಮಳೆ ಹೆಚ್ಚೋ ಕಡಿಮೆಯೋ ಎಂದು ಆ ಪುಸ್ತಕ ಇರುವುದರಿಂದಲೇ ಅವರು ಹೇಳಬಲ್ಲರು.

ನೆಟ್ ಚೆನ್ನಾಗಿರುವ ಒಂದು ದಿನ ಹಾಗೆಯೇ ಮೂರು ಸಂಖ್ಯೆ ಬರೆದಿಡಿ: ರೂಟರ್‌ಗೆ ಎಷ್ಟು, 8.8.8.8ಕ್ಕೆ ಎಷ್ಟು, ನೀವು ದಿನಾ ಬಳಸುವ ಒಂದು ಸೈಟ್‌ಗೆ ಎಷ್ಟು. ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ. ನಮ್ಮ ಮನೆಯಲ್ಲಿ 8.8.8.8ಕ್ಕೆ ಮಾಮೂಲಿ 18.

ಹೆಸರು ಕೇಳುವ ಕಮಾಂಡ್

ಇಂಟರ್‌ನೆಟ್‌ನಲ್ಲಿ ಎಲ್ಲ ಓಡಾಟ ನಂಬರಿನಲ್ಲೇ. ಹೆಸರು ನಮಗೋಸ್ಕರ. ಮೊದಲು ಎಲ್ಲ ಹೆಸರುಗಳೂ ಒಂದೇ ಪಟ್ಟಿಯಲ್ಲಿದ್ದವು. ಅಮೆರಿಕದ ಒಂದು ಸಂಸ್ಥೆ ಅದನ್ನು ಇಟ್ಟುಕೊಂಡಿತ್ತು, ಉಳಿದವರು ಪ್ರತಿ ಮಾಡಿಕೊಳ್ಳುತ್ತಿದ್ದರು. ಪಟ್ಟಿ ಬೆಳೆದು ಕೈಮೀರಿದಾಗ 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಈಗಿನ ಡಿಎನ್‌ಎಸ್ ವ್ಯವಸ್ಥೆ ರೂಪಿಸಿದರು. ಈಗ ಪಟ್ಟಿ ಯಾರೊಬ್ಬರ ಕೈಯಲ್ಲೂ ಇಲ್ಲ, ಊರೂರಿಗೆ ಹಂಚಿಹೋಗಿದೆ. ಕೇಳುವವರಿಗೆ ಉತ್ತರ ಹುಡುಕಿ ಕೊಡುವ ಸರ್ವರ್ ಒಂದು ನಿಮಗೆ ನೆಟ್ ಕೊಡುವ ಕಂಪನಿಯಲ್ಲೂ ಇರುತ್ತದೆ.

ಎನ್‌ಎಸ್‌ಲುಕಪ್ ಎಂದು ಟೈಪ್ ಮಾಡಿ, ಸ್ಪೇಸ್ ಬಿಟ್ಟು ಸೈಟಿನ ಹೆಸರು ಕೊಡಿ. ಮೇಲೆ ಯಾವ ಸರ್ವರ್ ಉತ್ತರ ಕೊಟ್ಟಿತು ಎಂದು ಬರುತ್ತದೆ, ಕೆಳಗೆ ಸೈಟಿನ ಅಡ್ರೆಸ್. ನಡುವೆ "ನಾನ್ ಅಥಾರಿಟೇಟಿವ್ ಆನ್ಸರ್" ಎಂದು ಕಂಡರೆ ಗಾಬರಿ ಬೇಡ. ಮೂಲ ಕಡತ ನೋಡಿ ಹೇಳಿದ್ದಲ್ಲ, ಹಿಂದೆ ಕೇಳಿದ್ದನ್ನು ನೆನಪಿಟ್ಟು ಹೇಳಿದ್ದು ಎಂದಷ್ಟೇ.

ಈಗ ಅದೇ ಸಾಲಿನ ಕೊನೆಗೆ ಸ್ಪೇಸ್ ಬಿಟ್ಟು 8.8.8.8 ಸೇರಿಸಿ ಮತ್ತೆ ಹೊಡೆಯಿರಿ. ಪ್ರಶ್ನೆ ಈ ಸಲ ಗೂಗಲ್‌ನ ಸರ್ವರ್‌ಗೆ ಹೋಗುತ್ತದೆ. ಮೊದಲನೆಯದು ಸುಮ್ಮನಿದ್ದು ಎರಡನೆಯದು ಉತ್ತರ ಕೊಟ್ಟರೆ ಕಳ್ಳ ಸಿಕ್ಕಿದ. ಅಣ್ಣನ ಲ್ಯಾಪ್‌ಟಾಪಿನಲ್ಲಿ ಹಾಗೇ ಆಯಿತು. ಅವರ ರೂಟರಿನ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 8.8.8.8, ಅದರ ಕೆಳಗೆ 1.1.1.1 ಬರೆದು ಸೇವ್ ಮಾಡಿದೆವು. ಲ್ಯಾಪ್‌ಟಾಪಿನಲ್ಲಿ ಐಪಿಕಾನ್ಫಿಗ್, ಸ್ಪೇಸ್, ಓರೆಗೆರೆ, ಫ್ಲಶ್‌ಡಿಎನ್‌ಎಸ್ ಎಂದು ಕೊಟ್ಟು ಹಳೆಯ ನೆನಪು ಅಳಿಸಿದೆವು. ಬುಕಿಂಗ್ ಪುಟ ತೆರೆಯಿತು. ಶನಿವಾರಕ್ಕೆ ಹನ್ನೊಂದು ಜನ. ಅಣ್ಣ ಕಾಫಿ ಕುಡಿಯದೆಯೇ ಎದ್ದುಹೋದರು, ಕೋಳಿ ಹೇಳಬೇಕಿತ್ತಂತೆ.

ಆಂಡ್ರಾಯ್ಡ್ ಫೋನಿನಲ್ಲಿ ಇಷ್ಟು ಕಷ್ಟ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಎಂದು ಹುಡುಕಿ, ಡಿಎನ್‌ಎಸ್ ಡಾಟ್ ಗೂಗಲ್ ಎಂದು ಬರೆದರೆ ಆಯಿತು.

ಟ್ರೇಸ್: ಯಾವ ಸ್ಟೇಜಿನಲ್ಲಿ ಬಸ್ ನಿಂತಿದೆ?

ಇದು ನನಗೆ ತುಂಬ ಇಷ್ಟವಾದ ಕಮಾಂಡ್. ವಿಂಡೋಸ್‌ನಲ್ಲಿ ಟ್ರೇಸರ್ಟ್: ಟಿ, ಆರ್, ಎ, ಸಿ, ಇ, ಆರ್, ಟಿ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಟ್ರೇಸ್‌ರೂಟ್ ಎಂದು ಪೂರ್ತಿ ಬರೆಯಬೇಕು. 1987ರಲ್ಲಿ ವ್ಯಾನ್ ಜೇಕಬ್ಸನ್ ಇದನ್ನು ಬರೆದರು. ಹಿಂದಿನ ಉಪಾಯ ಬಹಳ ಚೆಂದ.

ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ಬಸ್ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ತಿಳಿಯಬೇಕು, ಆದರೆ ನೀವು ಮನೆ ಬಿಟ್ಟು ಏಳುವಂತಿಲ್ಲ. ಏನು ಮಾಡುತ್ತೀರಿ? ಒಬ್ಬ ಹುಡುಗನಿಗೆ ಒಂದೇ ಸ್ಟೇಜಿನ ಟಿಕೆಟ್ ತೆಗೆದು ಹತ್ತಿಸಿ. ಬೇಲೂರಿನಲ್ಲಿ ಕಂಡಕ್ಟರ್ ಇಳಿಸುತ್ತಾರೆ. ಅವನು ಅಲ್ಲಿಂದ ಫೋನ್ ಮಾಡುತ್ತಾನೆ, "ಬೇಲೂರಲ್ಲಿ ಇಳಿಸಿದ್ರು." ಎರಡನೆಯವನಿಗೆ ಎರಡು ಸ್ಟೇಜ್. ಅವನ ಫೋನ್ ಹಾಸನದಿಂದ. ಮೂರನೆಯವನದು ಚನ್ನರಾಯಪಟ್ಟಣದಿಂದ. ಹೀಗೆ ಕುಣಿಗಲ್, ನೆಲಮಂಗಲ ದಾಟಿ ಒಬ್ಬ ಬೆಂಗಳೂರು ಮುಟ್ಟುವ ಹೊತ್ತಿಗೆ ಇಡೀ ದಾರಿ ನಿಮ್ಮ ಕೈಯಲ್ಲಿರುತ್ತದೆ.

ಟ್ರೇಸ್ ಮಾಡುವುದು ಇದನ್ನೇ. ಇಂಟರ್‌ನೆಟ್‌ನಲ್ಲಿ ಮಾಹಿತಿ ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗುತ್ತದೆ. ಪ್ರತಿ ಪೊಟ್ಟಣದ ಮೇಲೂ ಟಿಟಿಎಲ್ ಎಂಬ ಒಂದು ಸಂಖ್ಯೆ ಇರುತ್ತದೆ. ಎಷ್ಟು ಸ್ಟೇಜಿನ ಟಿಕೆಟ್ ಎಂದುಕೊಳ್ಳಿ. ದಾರಿಯ ಪ್ರತಿ ರೂಟರ್ ಅದರಲ್ಲಿ ಒಂದನ್ನು ಕಳೆಯುತ್ತದೆ. ಸೊನ್ನೆ ಆದ ಕಡೆ ಪೊಟ್ಟಣವನ್ನು ಬಿಸಾಡಿ, "ಇಲ್ಲಿ ಮುಗೀತು" ಎಂದು ಕಳಿಸಿದವರಿಗೆ ತಿಳಿಸುತ್ತದೆ. ಟ್ರೇಸ್ 1ರಿಂದ ಶುರು ಮಾಡಿ ಒಂದೊಂದೇ ಹೆಚ್ಚಿಸುತ್ತಾ ಹೋಗುತ್ತದೆ. ಪ್ರತಿ ಸ್ಟೇಜಿಗೂ ಮೂರು ಪೊಟ್ಟಣ, ಅದಕ್ಕೇ ಪ್ರತಿ ಸಾಲಿನಲ್ಲಿ ಮೂರು ಸಮಯ ಕಾಣುವುದು. ಮೂವತ್ತು ಸ್ಟೇಜಿಗೆ ಕೈಬಿಡುತ್ತದೆ.

ಟ್ರೇಸರ್ಟ್, ಸ್ಪೇಸ್, ಮೈನಸ್ ಡಿ, ಸ್ಪೇಸ್, 8.8.8.8 ಎಂದು ಕೊಡಿ. ಮೈನಸ್ ಡಿ ಹಾಕಿದರೆ ಹೆಸರು ಹುಡುಕುತ್ತಾ ಕೂರದೆ ಬೇಗ ಮುಗಿಯುತ್ತದೆ. ನಮ್ಮ ಮನೆಯದು ಒಳ್ಳೆಯ ದಿನ ಹೀಗೆ ಬರುತ್ತದೆ, ಮೂರು ಸಮಯದ ಬದಲು ಒಂದೊಂದನ್ನೇ ಮಿಲಿಸೆಕೆಂಡಿನಲ್ಲಿ ಬರೆದಿದ್ದೇನೆ:

1 – 192.168.1.1 – 2
2 – 100.72.0.1 – 5
3 – ನಕ್ಷತ್ರ, ನಕ್ಷತ್ರ, ನಕ್ಷತ್ರ
4 – 10ರಿಂದ ಶುರುವಾಗುವ ಅಡ್ರೆಸ್ – 6
5 – ಕಂಪನಿಯ ಹೊರ ಅಡ್ರೆಸ್ – 12
6 – ಗೂಗಲ್‌ನ ಒಂದು ಅಡ್ರೆಸ್ – 19
7 – 8.8.8.8 – 18

ಒಂದನೆಯದು ನಮ್ಮ ರೂಟರ್. ಎರಡನೆಯದು ಆಗ ಹೇಳಿದ 100ರ ಗುಂಪು, ಅಂದರೆ ಹೊರ ಅಡ್ರೆಸ್ಸನ್ನು ನಾನು ಊರಿನ ಎಷ್ಟೋ ಜನರ ಜೊತೆ ಹಂಚಿಕೊಂಡಿದ್ದೇನೆ. ಮೂರನೆಯದರಲ್ಲಿ ನಕ್ಷತ್ರ. ಹೊಸಬರು ಇಲ್ಲಿಗೇ ಬೆರಳಿಟ್ಟು "ಇಲ್ಲೇ ಕಟ್ ಆಗಿದೆ" ಎನ್ನುತ್ತಾರೆ. ಅಲ್ಲ. ನಾಲ್ಕನೆಯದು ಉತ್ತರ ಕೊಟ್ಟಿದೆಯಲ್ಲ, ಮೂರು ಕೆಟ್ಟಿದ್ದರೆ ನಾಲ್ಕಕ್ಕೆ ಹೋಗುತ್ತಿದ್ದದ್ದು ಹೇಗೆ? ಆ ರೂಟರ್ ಪೊಟ್ಟಣ ದಾಟಿಸುತ್ತದೆ, ಫೋನ್ ಮಾಡುವುದಿಲ್ಲ, ಅಷ್ಟೇ. ನಕ್ಷತ್ರಗಳು ಶುರುವಾಗಿ ಕೊನೆಯವರೆಗೂ ಬರೀ ನಕ್ಷತ್ರವೇ ಇದ್ದು, ಸೈಟೂ ತೆರೆಯದಿದ್ದರೆ ಆಗ ಅನುಮಾನ ಪಡಿ.

ಈಗ ಇನ್ನೊಂದು ನೋಟ. ನಾಲ್ಕನೆಯದು 210, ಐದನೆಯದು 12, ಆರು 19, ಏಳು 18 ಎಂದು ಬಂತು ಎಂದುಕೊಳ್ಳಿ. ನಾಲ್ಕರಲ್ಲಿ ತೊಂದರೆಯೇ? ಇಲ್ಲ. ದಾರಿಯೇ ನಿಧಾನವಾಗಿದ್ದರೆ ಅದರಾಚೆಯ ಎಲ್ಲರ ಉತ್ತರವೂ ತಡವಾಗಬೇಕಿತ್ತು. ಪೊಟ್ಟಣ ದಾಟಿಸುವುದು ರೂಟರಿನ ಮುಖ್ಯ ಕೆಲಸ, ನಮಗೆ ಉತ್ತರ ಬರೆಯುವುದು ಬಿಡುವಿದ್ದಾಗ ಮಾಡುವ ಕೆಲಸ. ಗಿರಾಕಿ ಜಾಸ್ತಿ ಇರುವಾಗ ಅಂಗಡಿಯವರು ನಮ್ಮ ಕುಶಲ ಪ್ರಶ್ನೆಗೆ ತಡವಾಗಿ ತಲೆ ಎತ್ತುವುದಿಲ್ಲವೇ, ಹಾಗೆ.

ಆದರೆ 2, 5, ನಕ್ಷತ್ರ, 6, ಆಮೇಲೆ 148, 155, 153 ಎಂದು ಬಂದರೆ? ಜಿಗಿತ ಐದರಲ್ಲಿ ಆಗಿದೆ, ಕೊನೆಯವರೆಗೂ ಇಳಿದಿಲ್ಲ. ನಾಲ್ಕು ಮತ್ತು ಐದರ ನಡುವೆ ದಟ್ಟಣೆ ಇರಬಹುದು, ಅಥವಾ ದಾರಿ ಬದಲಾಗಿರಬಹುದು. ಹೋದ ಆಗಸ್ಟಿನಲ್ಲಿ ಎರಡು ವಾರ ಪ್ರತಿ ಸಂಜೆ ನಮಗೆ ಬಂದದ್ದು ಇದೇ. ಟ್ರೇಸ್ ಓದುವುದರಲ್ಲಿ ಗೊತ್ತಿರಬೇಕಾದ ಗುಟ್ಟು ಇದೊಂದೇ: ಏರಿದ ಸಮಯ ಕೊನೆಯ ಸಾಲಿನವರೆಗೂ ಉಳಿದಿದೆಯೇ?

ಟ್ರೇಸ್ ತೋರಿಸುವುದು ಹೋಗುವ ದಾರಿ ಮಾತ್ರ. ಬರುವ ದಾರಿ ಬೇರೆಯೇ ಇರಬಹುದು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದಾಗ ಮಂಗಳೂರಿಗೆ ಹೊರಟವರು ಬೇರೆ ಘಾಟಿ ಹಿಡಿದು ಸುತ್ತಿ ಹೋಗಬೇಕಾಯಿತಲ್ಲ. ಇಲ್ಲೂ ಕಂಪನಿಗಳು ದಾರಿ ಬದಲಿಸುತ್ತಲೇ ಇರುತ್ತವೆ. ಮೈನಸ್ ಡಿ ಇಲ್ಲದೆ ಒಮ್ಮೆ ಓಡಿಸಿ ನೋಡಿ. ರೂಟರ್‌ಗಳ ಹೆಸರಿನೊಳಗೆ ಬಿಎಲ್‌ಆರ್, ಎಂಎಎ, ಬಿಓಎಂ ಎಂಬ ಅಕ್ಷರಗಳು ಅಲ್ಲಲ್ಲಿ ಸಿಕ್ಕುತ್ತವೆ. ಬೆಂಗಳೂರು, ಚೆನ್ನೈ, ಮುಂಬೈ ವಿಮಾನ ನಿಲ್ದಾಣಗಳ ಗುರುತು ಅವು. ಬೆಂಗಳೂರಿನಲ್ಲೇ ಇರುವ ಸೈಟಿಗೆ ನಮ್ಮ ಪೊಟ್ಟಣ ಮುಂಬೈ ನೋಡಿಕೊಂಡು ಬಂದದ್ದನ್ನು ಒಮ್ಮೆ ಕಂಡೆ. ಎರಡು ಕಂಪನಿಗಳು ಪರಸ್ಪರ ಎಲ್ಲಿ ಕೈಜೋಡಿಸಿವೆಯೋ ಅಲ್ಲಿಗೇ ಹೋಗಬೇಕಲ್ಲ. ಇಂಥ ಸುತ್ತಾಟ ಕಡಿಮೆ ಮಾಡಲೆಂದೇ 2003ರಲ್ಲಿ ನಿಕ್ಸಿ ಎಂಬ ಸಂಸ್ಥೆ ಶುರುವಾಯಿತು. ದೇಶದೊಳಗಿನ ಕಂಪನಿಗಳು ಒಂದೆಡೆ ಸೇರಿ ಪೊಟ್ಟಣ ಬದಲಿಸಿಕೊಳ್ಳುವ ಜಾಗಗಳನ್ನು ಅದು ನಡೆಸುತ್ತದೆ.

ಎಷ್ಟು ಬೇಗ ಸಾಧ್ಯ?

ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಹೋಗಿ ಬರುವುದಕ್ಕೆ 100 ಕಿ.ಮೀ.ಗೆ 1 ಮಿಲಿಸೆಕೆಂಡ್ ಎಂದು ಲೆಕ್ಕ ಇಟ್ಟುಕೊಳ್ಳಿ. ಚಿಕ್ಕಮಗಳೂರಿನಿಂದ ಬೆಂಗಳೂರು ಸುಮಾರು 245 ಕಿ.ಮೀ., ಎರಡೂವರೆ ಮಿಲಿಸೆಕೆಂಡಿನ ದಾರಿ. ಸಿಂಗಪುರ ಬೆಂಗಳೂರಿನಿಂದ 3,000 ಕಿ.ಮೀ.ಗೂ ಹೆಚ್ಚು. 30ಕ್ಕಿಂತ ಕಡಿಮೆಯಲ್ಲಿ ಅಲ್ಲಿಂದ ಉತ್ತರ ಬರುವುದು ಸಾಧ್ಯವೇ ಇಲ್ಲ. "ಅಮೆರಿಕದ ಸರ್ವರ್" ಎಂದು ಹೇಳುವ ಸೈಟ್ 15 ಮಿಲಿಸೆಕೆಂಡಿನಲ್ಲಿ ಉತ್ತರ ಕೊಟ್ಟರೆ ಅದು ಅಮೆರಿಕದಲ್ಲಿಲ್ಲ. ಅದರ ಪ್ರತಿ ಹತ್ತಿರದಲ್ಲೇ ಎಲ್ಲೋ ಇದೆ.

ಹಾಸನದವರಿಗೆ ಇನ್ನೊಂದು ಲೆಕ್ಕ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆಯಲ್ಲ, 1982ರಲ್ಲಿ ಶುರುವಾದದ್ದು. ಅಲ್ಲಿನ ದೊಡ್ಡ ತಟ್ಟೆಗಳು ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿ.ಮೀ. ಮೇಲಿವೆ. ಅಂಥ ಉಪಗ್ರಹದ ಮೂಲಕ ಪಿಂಗ್ ಹೊಡೆದರೆ ಪ್ರಶ್ನೆ ಮೇಲೆ ಹೋಗಿ ಕೆಳಗಿಳಿಯಬೇಕು, ಉತ್ತರವೂ ಹಾಗೇ ಮೇಲೆ ಹೋಗಿ ಇಳಿಯಬೇಕು. ಒಟ್ಟು 1 ಲಕ್ಷ 44 ಸಾವಿರ ಕಿ.ಮೀ. ಗಾಳಿಯಲ್ಲಿ ಸೆಕೆಂಡಿಗೆ 3 ಲಕ್ಷ ಕಿ.ಮೀ. ಹಿಡಿದರೂ 480 ಮಿಲಿಸೆಕೆಂಡ್. ಕೇಬಲ್ ಎಳೆಯಲಾಗದ ಕಡೆ ಉಪಗ್ರಹದ ತಟ್ಟೆ ಇಟ್ಟುಕೊಂಡ ಎಟಿಎಂ ಅಥವಾ ಆಫೀಸುಗಳಲ್ಲಿ ಅರ್ಧ ಸೆಕೆಂಡ್ ತಡವಾದರೆ ಅದು ಯಾರ ಸೋಮಾರಿತನವೂ ಅಲ್ಲ.

ಈ ಅಡ್ರೆಸ್ ಯಾರದ್ದು?

ನನ್ನನ್ನು ಜನ ಜಾಸ್ತಿ ಕೇಳುವ ಪ್ರಶ್ನೆ ಇದು. "ಐಪಿ ಸಿಕ್ಕಿದ್ರೆ ಮನೆ ಗೊತ್ತಾಗುತ್ತೆ ಅಲ್ವಾ?" ಇಲ್ಲ, ಗೊತ್ತಾಗುವುದಿಲ್ಲ.

ಗೊತ್ತಾಗುವುದು ಆ ಅಡ್ರೆಸ್ ಯಾವ ಕಂಪನಿಗೆ ಹಂಚಿಕೆಯಾಗಿದೆ ಎಂಬುದು. ಪ್ರಪಂಚವನ್ನು ಐದು ಭಾಗ ಮಾಡಿ ಐದು ಸಂಸ್ಥೆಗಳು ಅಡ್ರೆಸ್ ಹಂಚುತ್ತವೆ. ನಮ್ಮ ಭಾಗದ್ದು ಏಪ್‌ನಿಕ್, ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿದೆ. ಭಾರತದೊಳಗೆ ನಿಕ್ಸಿಯ ಕೆಳಗಿನ ಐರಿನ್ ಹಂಚುತ್ತದೆ. ಏಪ್‌ನಿಕ್ ಸೈಟಿನ ಹೂಈಸ್ (ಯಾರದ್ದು ಎಂದು ಹೇಳುವ) ಹುಡುಕಾಟದಲ್ಲಿ ನಂಬರ್ ಹಾಕಿದರೆ ಕಂಪನಿಯ ಹೆಸರು, ದೇಶ, ದೂರು ಕಳಿಸಬೇಕಾದ ಈಮೇಲ್ ಸಿಗುತ್ತವೆ. ಅಬ್ಯೂಸ್ ಎಂದು ಬರೆದಿರುವ ಈಮೇಲ್ ಅದು. ಅಲ್ಲಿಂದ ಮುಂದೆ ಆ ನಂಬರನ್ನು ಆ ಹೊತ್ತಿಗೆ ಯಾರು ಬಳಸುತ್ತಿದ್ದರು ಎಂದು ಕಂಪನಿಗೆ ಮಾತ್ರ ಗೊತ್ತು, ಅವರು ಹೇಳುವುದು ಪೊಲೀಸರಿಗೆ.

ಮ್ಯಾಪಿನಲ್ಲಿ ಸೂಜಿ ಚುಚ್ಚಿ ತೋರಿಸುವ ಸೈಟುಗಳನ್ನು ನಂಬಬೇಡಿ. ಮೊಬೈಲ್ ಡೇಟಾದಲ್ಲಿ ನನ್ನನ್ನು ಅವು ಬೆಂಗಳೂರಿನಲ್ಲಿ, ಚೆನ್ನೈನಲ್ಲಿ ಎಲ್ಲ ತೋರಿಸಿವೆ, ಆಲ್ದೂರಿನಲ್ಲಿ ಒಮ್ಮೆಯೂ ಇಲ್ಲ. ಇದರಿಂದ ಆಗುವ ಅನಾಹುತಕ್ಕೆ ಅಮೆರಿಕದ ಕ್ಯಾನ್ಸಸ್‌ನ ಒಂದು ಹೊಲದ ಮನೆ ಸಾಕ್ಷಿ. ಊರು ಗೊತ್ತಿಲ್ಲದ, ಬರೀ "ಅಮೆರಿಕ" ಎಂದಷ್ಟೇ ಗೊತ್ತಿದ್ದ ಅಡ್ರೆಸ್‌ಗಳಿಗೆಲ್ಲ ಒಂದು ಕಂಪನಿ ದೇಶದ ಮಧ್ಯಭಾಗದ ಗುರುತು ಕೊಟ್ಟಿತ್ತು. ಆ ಗುರುತು ಆ ಮನೆಯಂಗಳಕ್ಕೆ ಬೀಳುತ್ತಿತ್ತು. ಅಂಥ ಅಡ್ರೆಸ್‌ಗಳು 60 ಕೋಟಿಗೂ ಹೆಚ್ಚು. ವರ್ಷಗಟ್ಟಲೆ ಪೊಲೀಸರು, ಮೋಸಹೋದವರು ಕಳ್ಳನನ್ನು ಹುಡುಕಿಕೊಂಡು ಆ ಬಾಗಿಲು ತಟ್ಟಿದರು. 2016ರಲ್ಲಿ ಸುದ್ದಿಯಾದ ಮೇಲೆ ಗುರುತನ್ನು ಒಂದು ಕೆರೆಯ ನಡುವೆ ಸರಿಸಿದರು.

ಅಡ್ರೆಸ್‌ಗಿಂತ ಹೆಚ್ಚು ಕೆಲಸಕ್ಕೆ ಬರುವುದು ಸೈಟಿನ ಹೆಸರಿನ ಹುಡುಕಾಟ. ಅಣ್ಣನಿಗೇ ಒಮ್ಮೆ ಈಮೇಲ್ ಬಂತು. ಬುಕಿಂಗ್ ಸೈಟಿನವರದ್ದೇ ಎಂಬ ಹಾಗೆ ಇತ್ತು. ಬ್ಯಾಂಕ್ ವಿವರ ಇನ್ನೊಮ್ಮೆ ತುಂಬಿ ಎಂದು ಲಿಂಕ್. ಲಿಂಕ್ ಒತ್ತದೆ, ಅದರಲ್ಲಿದ್ದ ಹೆಸರನ್ನು ಲುಕಪ್ ಡಾಟ್ ಐಕ್ಯಾನ್ ಡಾಟ್ ಆರ್ಗ್ ಎಂಬ ಸೈಟಿನಲ್ಲಿ ಹಾಕಿ ನೋಡಿದೆವು. ಮಾಲೀಕರ ಹೆಸರು ಮುಚ್ಚಿಟ್ಟಿದ್ದರು, ಈಗ ಬಹುತೇಕ ಎಲ್ಲರೂ ಮುಚ್ಚಿಡುತ್ತಾರೆ. ಆದರೆ ನೋಂದಣಿಯ ದಿನಾಂಕ ಕಾಣುತ್ತಿತ್ತು. ಒಂಬತ್ತು ದಿನದ ಹಿಂದಿನದು! ವರ್ಷಗಳಿಂದ ನಡೆಯುತ್ತಿರುವ ಸೈಟಿನ ಹೆಸರು ಒಂಬತ್ತು ದಿನದ ಕೂಸಾಗಿರಲು ಸಾಧ್ಯವೇ? ಹಳೆಯ ಹೂಈಸ್ ಜಾಗಕ್ಕೆ ಈಗ ಆರ್‌ಡಿಎಪಿ ಎಂಬ ಹೊಸ ವ್ಯವಸ್ಥೆ ಬಂದಿದೆ. ಡಾಟ್ ಕಾಮ್‌ನಂಥ ಹೆಸರುಗಳಿಗೆ 2025ರ ಜನವರಿ 28ರ ನಂತರ ಅದೇ ಅಧಿಕೃತ. ಈ ಸೈಟ್ ಅದನ್ನೇ ಬಳಸುತ್ತದೆ, ನೀವೇನೂ ಬದಲಿಸಬೇಕಿಲ್ಲ.

ಈಮೇಲ್ ಎಲ್ಲಿಂದ ಬಂತು ಎಂದು ನೋಡಲು ಜಿಮೇಲ್‌ನಲ್ಲಿ ಮೂರು ಚುಕ್ಕಿ ಒತ್ತಿ "ಶೋ ಒರಿಜಿನಲ್" ತೆರೆಯಬಹುದು. ರಿಸೀವ್ಡ್ ಎಂಬ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಸಾಲುಗಳನ್ನು ಮೋಸಗಾರರು ಸುಳ್ಳೇ ಬರೆದಿರಬಹುದು. ಜಿಮೇಲ್‌ನಿಂದಲೇ ಕಳಿಸಿದ್ದರೆ ಕಳಿಸಿದವರ ಮನೆಯ ಅಡ್ರೆಸ್ ಅದರಲ್ಲಿ ಇರುವುದೂ ಇಲ್ಲ. ದುಡ್ಡು ಹೋಗಿದ್ದರೆ ಪತ್ತೇದಾರಿಕೆ ಬಿಟ್ಟು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಒಂದೊಂದು ಗಂಟೆಯೂ ಮುಖ್ಯ. ಸಿಕ್ಕ ಅಡ್ರೆಸ್ಸಿನ ಬಾಗಿಲುಗಳನ್ನೆಲ್ಲ ತಟ್ಟಿ ನೋಡುವ ಪೋರ್ಟ್ ಸ್ಕ್ಯಾನ್ ಸಾಧನಗಳ ಸಹವಾಸವೂ ಬೇಡ. ಪಿಂಗ್, ಟ್ರೇಸ್, ಲುಕಪ್ ಮಾಡಿದರೆ ಯಾರೂ ಏನೂ ಅನ್ನುವುದಿಲ್ಲ. ಬೇರೆಯವರ ಕಂಪ್ಯೂಟರಿನೊಳಗೆ ಅನುಮತಿ ಇಲ್ಲದೆ ಕೈಹಾಕಿದರೆ ಐಟಿ ಕಾಯ್ದೆಯಲ್ಲಿ ಶಿಕ್ಷೆ ಇದೆ.

ದೂರು ಹೇಳುವುದು

ಆಗಸ್ಟಿನ ಆ 148ರ ಕಥೆಗೆ ಬರುತ್ತೇನೆ. ಮೂರು ಸಂಜೆ ಒಂದೇ ಹೊತ್ತಿಗೆ ಟ್ರೇಸ್ ಓಡಿಸಿ ಫೋಟೋ ತೆಗೆದಿಟ್ಟೆ. ಫೋನ್ ಎತ್ತಿದ ಹುಡುಗಿ ಎಂದಿನಂತೆ "ರೀಸ್ಟಾರ್ಟ್ ಮಾಡಿ ಸರ್" ಎಂದಳು. ಪಾಪ, ಅವಳ ಮುಂದೆ ಇರುವ ಪಟ್ಟಿಯಲ್ಲಿ ಅದೇ ಮೊದಲ ಸಾಲು. ಜಗಳ ಆಡಲಿಲ್ಲ. ಇಷ್ಟು ಬರೆದುಕೊಳ್ಳಿ ಎಂದೆ:

"ಎಲ್‌ಓಎಸ್ ದೀಪ ಆರಿದೆ, ಫೈಬರ್ ಸರಿ ಇದೆ. ಕೇಬಲ್ ಹಾಕಿ ರೂಟರ್‌ಗೆ ಪಿಂಗ್ 1 ಮಿಲಿಸೆಕೆಂಡ್, ಲಾಸ್ ಇಲ್ಲ. 8.8.8.8ಕ್ಕೆ ಬೆಳಿಗ್ಗೆ 18, ರಾತ್ರಿ 7ರಿಂದ 11ರವರೆಗೆ 150ರ ಮೇಲೆ, ನೂರಕ್ಕೆ 6 ಲಾಸ್. ಟ್ರೇಸ್‌ನಲ್ಲಿ ಐದನೇ ಹಾಪ್‌ನಿಂದ ಕೊನೆಯವರೆಗೂ ಏರಿದೆ. ಮೂರು ದಿನದ ಸ್ಕ್ರೀನ್‌ಶಾಟ್ ಇದೆ. ನೆಟ್‌ವರ್ಕ್ ಟೀಮಿಗೆ ಕಳಿಸಿ."

ಹಾಪ್ ಎನ್ನುವುದು ಅವರ ಭಾಷೆಯಲ್ಲಿ ಸ್ಟೇಜ್. ಆ ಪದ ಬಳಸಿದರೆ ಅರ್ಧ ಕೆಲಸ ಬೇಗ ಆಗುತ್ತದೆ. ಡಾಕೆಟ್ ನಂಬರ್, ಅಂದರೆ ದೂರಿನ ನಂಬರ್ ಕೇಳಿ ಬರೆದುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ವಿಭಾಗಕ್ಕೆ ಹೋಗಲು ಆ ನಂಬರ್ ಬೇಕು. ನನಗೆ ಅಲ್ಲಿಗೆ ಹೋಗುವ ಪ್ರಸಂಗ ಬರಲಿಲ್ಲ. ಎರಡನೇ ದಿನ ಒಬ್ಬ ಎಂಜಿನಿಯರ್ ಫೋನ್ ಮಾಡಿ ಸ್ಕ್ರೀನ್‌ಶಾಟ್ ಕೇಳಿದರು. ಆ ವಾರದ ಕೊನೆಗೆ ಐದನೇ ಸಾಲಿನ ಅಡ್ರೆಸ್ಸೇ ಬದಲಾಗಿತ್ತು. ರಾತ್ರಿ ಒಂಬತ್ತಕ್ಕೆ 19.

ಅಣ್ಣನಿಗೆ ಹೇಳಿದೆ. ಅವರ ಮನೆಯದೂ ಅದೇ ಲೈನ್. ಅವರು ಮಳೆ ಪುಸ್ತಕ ತೆಗೆದು ತೋರಿಸಿದರು. ಜುಲೈನಿಂದ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಕಾಲಂ ಎಳೆದಿದ್ದರು. ಅವತ್ತಿನ ಸಾಲು: 1 ಇಂಚು 60 ಸೆಂಟ್, ಪಿಂಗ್ 20.